ಬರೀ ನೀರಿನ ಪಂಜರ

ಬಿಡದಿ ಬಳಿಯ ಪ್ರಯೋಗಾಲಯವೊಂದರಲ್ಲಿ ಇಲಿಗಳಿಗೆ ನೀರು ಕುಡಿಸುವುದು ನನ್ನ ಕೆಲಸ. ಕುಡಿಯುವ ನೀರಿಗೆ ಸೇರುವ ಒಂದು ರಾಸಾಯನಿಕದಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಅವುಗಳ ಆಯುಷ್ಯವಿಡೀ ನೋಡಬೇಕು. ಅವ್ವನಿಗೆ ಇದು ಒಂದಿಷ್ಟೂ ಹಿಡಿಸಿರಲಿಲ್ಲ. ಸೋಲೂರಿನ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಒಂದು ಸಂಜೆ ರೇಗಿಯೇಬಿಟ್ಟಳು.

"ಮೂಕ ಪ್ರಾಣಿಗೆ ವಿಷ ಕುಡ್ಸ್ಲಿ ಅಂತ ಓದ್ಸಿದ್ನೇನೆ ನಿನ್ನ?"

ನನಗೂ ಸಿಟ್ಟು ಬಂತು. "ಎಲ್ಲಕ್ಕೂ ಕುಡ್ಸಲ್ಲ ಕಣವ್ವ. ಕೆಲವು ಪಂಜರಕ್ಕೆ ಬರೀ ಶುದ್ಧ ನೀರೇ ಕೊಡ್ತೀವಿ. ಹೋಲ್ಸಿ ನೋಡೋಕೆ ಅವೂ ಬೇಕು."

ಅವ್ವ ಕೆಚ್ಚಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ಹಂಗಾರೆ ನಾವು ಯಾವ ಪಂಜರದೋರು?"

ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಏನಿದೆಯೆಂದು ನನಗೇನು ಗೊತ್ತು? "ಪರೀಕ್ಷೆ ಮಾಡ್ಸಿದ್ರೆ ಗೊತ್ತಾಯ್ತದೆ," ಎಂದಷ್ಟೇ ಹೇಳಿದೆ.

ಮರುದಿನ ಬಸ್ಸಿಗೆ ಹೊರಟಾಗ ಅವ್ವ ಊಟದ ಡಬ್ಬಿಯ ಜೊತೆಗೆ ಒಂದು ಬಾಟಲಿಯನ್ನೂ ಕೈಗಿಟ್ಟಳು. ಚೆನ್ನಾಗಿ ತೊಳೆದು, ಬೋರ್‌ವೆಲ್ ನೀರು ತುಂಬಿ, ಮುಚ್ಚಳ ಬಿಗಿ ಮಾಡಿದ್ದಳು.

"ಇದನ್ನ ಇಲಿಗೆ ಕುಡ್ಸ್ಬುಟ್ಟೀಯ, ಜೋಕೆ," ಎಂದಳು. "ಮೊದ್ಲು ಇದ್ರಲ್ಲಿ ಏನೈತೆ ನೋಡು. ಪಾಪ, ಅವೂ ಬದುಕ್ಲಿ."