ವೈವಾ ಕೇಳಲು ಬರುತ್ತಿದ್ದ ಶೇಷಗಿರಿ ಕಾಕಾ

ನನಗೆ ಗೊತ್ತಿರುವವರಲ್ಲಿ ಅತಿ ಹೆಚ್ಚು ಪಿಎಚ್.ಡಿ.ಗಳನ್ನು ಕಣ್ಣಾರೆ ಕಂಡವರು ಶೇಷಗಿರಿ ಕಾಕಾ. ಅವರ ಹೆಸರಿನ ಹಿಂದೆ ಮುಂದೆ ಮಾತ್ರ ಯಾವ ಪದವಿಯೂ ಇರಲಿಲ್ಲ. ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತರಾದ ಈ ಧಾರವಾಡದ ಮನುಷ್ಯ, ನಿಗಡಿಯ ಮನೆಯಿಂದ ಬಸ್ಸು ಹತ್ತಿ ಮರಾಠಿ ಊರಿನ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ಯಾವುದೋ ವಿಭಾಗದ ಯಾರೋ ವಿದ್ಯಾರ್ಥಿಯ ವೈವಾದಲ್ಲಿ ಕೂರುತ್ತಿದ್ದರು. ಪಿಎಚ್.ಡಿ.ಯ ಕೊನೆಗೆ ನಡೆಯುವ ಆ ಮೌಖಿಕ ಪರೀಕ್ಷೆಯನ್ನು ಯಾರು ಬೇಕಾದರೂ ಬಂದು ಕೇಳಬಹುದು. ನೋಟಿಸಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಹಾಕಿರುತ್ತಾರೆ. ಆ ಮಾತನ್ನು ನಂಬಿ ಬರುತ್ತಿದ್ದವರು ಕಾಕಾ ಒಬ್ಬರೇ.

ಇಸ್ತ್ರಿ ಮಾಡಿದ ಬೂದು ಸಫಾರಿ, ಕಾಲಿಗೆ ಕ್ಯಾನ್ವಾಸ್ ಬೂಟು, ಬಲಗೈ ಯಾವಾಗಲೂ ಬಲಗಿವಿಯ ಹಿಂದೆ. ಡಿಪೋದ ಲಾರಿಗಳ ಸದ್ದಿನಲ್ಲೇ ನೌಕರಿ ಕಳೆದವರಿಗೆ ಕಿವಿ ಮಂದವಾಗಿತ್ತು. ಇದು ವರ್ಷವರ್ಷಕ್ಕೆ ಇನ್ನೂ ಇಳಿಯುತ್ತದೆ, ಒಂದು ದಿನ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮ ಪರಿಚಯದ ಮೊದಲ ದಿನಗಳಲ್ಲಿ ಅವರು ಮೂರನೇ ಸಾಲಿನಲ್ಲಿ ಕೂರುತ್ತಿದ್ದರು. ಆಮೇಲೆ ಎರಡನೆಯದಕ್ಕೆ ಬಂದರು, ಕೊನೆಗೆ ಮೊದಲನೆಯದಕ್ಕೆ. ಕಿವಿಗೆ ಮಶೀನು ಹಾಕಿಕೊಳ್ಳಿ ಎಂದರೆ, “ಹಾಕ್ಕೊಂಡು ನೋಡೀನಿ. ಪ್ರೊಫೆಸರಕಿಂತಾ ಫ್ಯಾನ ಜೋರ ಮಾತಾಡ್ತದ” ಅನ್ನುತ್ತಿದ್ದರು. ಕಿವಿ ಇರುವಷ್ಟರಲ್ಲೇ ಆದಷ್ಟು ಕೇಳಿ ಮುಗಿಸಬೇಕು ಎಂಬ ಅವಸರ ಅವರಿಗೆ.

ನಮ್ಮ ಪರಿಚಯವಾದದ್ದು ಕ್ಯಾಂಪಸ್ಸಿನ ಒಂದು ಹುಣಸೆಮರದ ಬುಡದಲ್ಲಿ. ನಾನು ಅದೇ ಊರಿನ ಬಿಬವೇವಾಡಿಯಲ್ಲಿ ಬೆಳೆದ ಕನ್ನಡದ ಹುಡುಗಿ. ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಊರಿನ ಹೊಗೆಯನ್ನು ಹೇಗೆ ತಡೆದುಕೊಳ್ಳುತ್ತದೆ ಅನ್ನುವುದು ನನ್ನ ಸಂಶೋಧನೆ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಫೋನು ಹಿಡಿದು, ಮರಕ್ಕೆ ಮೂಗು ತಾಗಿಸಿಕೊಂಡು ಅವ್ವನ ಜೊತೆ ಜೋರಾಗಿ ಮಾತಾಡುತ್ತಿದ್ದೆ. ಕನ್ನಡ ಕಿವಿಗೆ ಬಿದ್ದದ್ದೇ ಅವರು ನಿಂತುಬಿಟ್ಟಿದ್ದರು.

“ಗಿಡಾ ಯಾಕ ಮೂಸಾಕತ್ತಿ ತಂಗಿ?”

ವಿಷಯ ಹೇಳಿದೆ.

“ಕಲ್ಲುಹೂವು ಅಂದ್ರ ನಮ್ಮಾಕಿ ಮಸಾಲಿಗೆ ಹಾಕ್ತಾಳಲ್ಲ, ಅದಾ?”

“ಅದರ ಬಳಗದ್ದ ರೀ.”

“ಅದರ ಮ್ಯಾಲೆ ಪಿಎಚ್.ಡಿ. ಕೊಡ್ತಾರ?”

“ಕೊಟ್ರ ಕೊಡ್ತಾರ್ರಿ.”

“ಭಾಳ ಚಲೋ ಆತು. ನಿನ್ನೆ ಕೇಳಿದ್ದು ಬೆಂಕಿಪೆಟ್ಟಿಗಿ ಮ್ಯಾಲಿನ ಚಿತ್ರದ್ದು. ಇವತ್ತ ಗಿಡದ ಮ್ಯಾಲಿನ ಹೊಟ್ಟು.”

ಹೊಟ್ಟು ಅಂದದ್ದಕ್ಕೆ ನಾನು ಮುಖ ಊದಿಸಿಕೊಂಡೆ. ಅವರು ಅದನ್ನು ಗಮನಿಸಲೂ ಇಲ್ಲ. ಭೂತಗನ್ನಡಿ ಇಸಿದುಕೊಂಡು ತೊಗಟೆ ನೋಡುತ್ತ ನಿಂತವರು ತಮ್ಮ ಬಸ್ಸನ್ನೇ ತಪ್ಪಿಸಿಕೊಂಡರು.

ಅವತ್ತಿನಿಂದ ಬಿಡುವಾದಾಗಲೆಲ್ಲ ನಾನೂ ಅವರ ಬೆನ್ನು ಹತ್ತಿದೆ. ಅಲ್ಲಿಯವರೆಗೆ ನನ್ನ ಲ್ಯಾಬಿನ ಮೇಲಿನ ಮಹಡಿಯಲ್ಲಿ ಏನು ನಡೆಯುತ್ತದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಒಬ್ಬಳು ನದಿಯ ಮರಳಿನ ಕಣ ಯಾವ ಗುಡ್ಡದಿಂದ ಹೊರಟು ಬಂತು ಎಂದು ಹೇಳಿದಳು. ಇನ್ನೊಬ್ಬ ಹಳೇ ನಾಟಕ ಕಂಪನಿಗಳ ಪರದೆಗೆ ಬಣ್ಣ ಬಳಿದವರ ಮೊಮ್ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗಿದ್ದ. ಸತ್ತ ನಕ್ಷತ್ರದ ವೈವಾ ಬೆಳಗ್ಗೆ ಇದ್ದರೆ, ಮದುವೆ ಬ್ಯಾಂಡಿನವರು ಮಳೆಗಾಲದಲ್ಲಿ ಏನು ಮಾಡುತ್ತಾರೆ ಅನ್ನುವುದರ ವೈವಾ ಮಧ್ಯಾಹ್ನ. ಕಾಕಾ ಎರಡಕ್ಕೂ ಒಂದೇ ಮುಖ ಇಟ್ಟುಕೊಂಡು ಕೂರುತ್ತಿದ್ದರು. ಅರ್ಥವಾಗುತ್ತದೆಯೇ ಎಂದು ಕೇಳಿದರೆ, “ಕಾಲು ಭಾಗ ಆಗ್ತದ. ಉಳದದ್ದು ಬಸ್ಸಿನ್ಯಾಗ ವಿಚಾರ ಮಾಡ್ತೀನಿ, ನಿಗಡಿ ಭಾಳ ದೂರ ಅದ” ಎಂದರು.

ಪರೀಕ್ಷಕರ ಪ್ರಶ್ನೆಗಳು ಮುಗಿದ ಮೇಲೆ ಅಧ್ಯಕ್ಷರು ‘ಸಭಿಕರಲ್ಲಿ ಯಾರಾದರೂ ಕೇಳುವುದಿದೆಯೇ’ ಎನ್ನುವುದು ವಾಡಿಕೆ. ಹಾಗೆಂದು ಚಹಾದ ಕಡೆ ಹೊರಡಲು ಅರ್ಧ ಎದ್ದಿರುತ್ತಾರೆ. ಆಗ ಕಾಕಾ ಕೈ ಎತ್ತುತ್ತಿದ್ದರು. ವಿಷಯ ಯಾವುದೇ ಇರಲಿ, ಅವರ ಪ್ರಶ್ನೆ ಒಂದೇ. “ಹೇ ಘರೀ ಕಸಂ ಸಾಂಗಿತಲಂತ?” ಇದನ್ನು ಮನೆಯಲ್ಲಿ ಹೇಗೆ ಹೇಳಿದಿರಿ? ಮಾತು ಮರಾಠಿ, ರಾಗ ಪೂರ್ತಿ ಧಾರವಾಡದ್ದು. ವಿದೇಶದ ಪರೀಕ್ಷಕರಿಗೂ ನೀರು ಕುಡಿಸಿದ ಹುಡುಗರು ಈ ಪ್ರಶ್ನೆಗೆ ತಡವರಿಸುತ್ತಿದ್ದರು. ಭೌತಶಾಸ್ತ್ರದ ಒಬ್ಬ ಕೆಂಪಗಾಗಿ, ನಾನು ಟಿ.ವಿ. ರಿಪೇರಿ ಕಲಿಯುತ್ತಿದ್ದೇನೆ ಎಂದು ನಮ್ಮಮ್ಮ, ಆಯಿ, ತಿಳಿದಿದ್ದಾಳೆ, ತಿದ್ದಲು ಹೋಗಿಲ್ಲ ಎಂದು ಒಪ್ಪಿಕೊಂಡ. “ಮತ್ತ ಹೇಳ್ರಿ ಈಗ, ಆಯಿ ನಾನ ಅಂತ ತಿಳಕೊಂಡು” ಎಂದು ಕಾಕಾ ಕೂತರು. ಆ ಹುಡುಗ ಸೀಮೆಸುಣ್ಣ ತೆಗೆದುಕೊಂಡು ಹೇಳಿದ. ಅಧ್ಯಕ್ಷರ ಚಹಾ ತಣ್ಣಗಾಯಿತು.

ವಡಾ ತಿನ್ನಲು ಬರುತ್ತಾನೆ ಮುದುಕ ಎಂದು ಕೆಲವು ಪ್ರಾಧ್ಯಾಪಕರು ಗೊಣಗುತ್ತಿದ್ದರು. ಕಾಕಾ ಕರಿದದ್ದನ್ನು ಮುಟ್ಟುತ್ತಿರಲಿಲ್ಲ. ಅವರಿಗಿದ್ದ ಚಟ ಬೇರೆ. ಒಂದು ವಿಭಾಗದಲ್ಲಿ ಕೇಳಿದ್ದನ್ನು ಇನ್ನೊಂದು ವಿಭಾಗಕ್ಕೆ ಮುಟ್ಟಿಸುವುದು, ಆ ಎರಡೂ ಕಡೆಯವರನ್ನು ಕೈಹಿಡಿದು ಒಂದೆಡೆ ತಂದು ಕೂರಿಸುವುದು. ಸಂಸ್ಕೃತ ವಿಭಾಗದ ಒಬ್ಬಾತ ಹಳೆಯ ಹಸ್ತಪ್ರತಿಯೊಂದರಲ್ಲಿ ಕಲ್ಲಿಗೆ ಕಲ್ಲು ಅಂಟಿಸುವ ಲೇಪದ ವಿಧಾನ ಓದಿದ್ದ. ರಸಾಯನಶಾಸ್ತ್ರದ ಹುಡುಗಿಯೊಬ್ಬಳು ಅಂಟುಗಳ ಮೇಲೇ ಕೆಲಸ ಮಾಡುತ್ತಿದ್ದಳು. ಕಾಕಾ ಇಬ್ಬರನ್ನೂ ಕೂಡಿಸಿದರು. ಬೇಲದ ತಿರುಳು, ಅರಗು, ಬೆಲ್ಲ ಎಲ್ಲ ಹಾಕಿ ಲ್ಯಾಬಿನಲ್ಲಿ ಕುದಿಸಿದ ವಾಸನೆಗೆ ಇಡೀ ಮಹಡಿ ಖಾಲಿಯಾಯಿತು. ತಿರುವಲು ಕಾಕಾ ಮನೆಯಿಂದ ತಂದಿದ್ದ ಕಟ್ಟಿಗೆಯ ಸೌಟು ಪಾತ್ರೆಯೊಳಗೇ ನಿಂತುಬಿಟ್ಟಿತು, ಮತ್ತೆ ಹೊರಗೆ ಬರಲಿಲ್ಲ. ಆ ಇಬ್ಬರೂ ಸೇರಿ ಲೇಖನ ಬರೆದು ಕೊನೆಗೆ ಕಾಕಾಗೆ ಕೃತಜ್ಞತೆ ಹೇಳಿದರು. “ಸೌಟು ನಂದು, ಹೆಸರು ಇವರದು” ಎಂದು ಕಾಕಾನ ಹೆಂಡತಿ ಕಾಕೂ ನನ್ನ ಮುಂದೆ ದೂರಿದರು. “ಎಲ್ಲಾರೂ ಯುನಿವರ್ಸಿಟಿಯಿಂದ ಸರ್ಟಿಫಿಕೇಟ್ ತರ್ತಾರ. ಇವರು ಮನಿ ಸಾಮಾನು ಒಯ್ದು ಇಟ್ಟು ಬರ್ತಾರ.”

ನನ್ನ ಕೆಲಸ ಕುಂಟುತ್ತಿದ್ದ ಒಂದು ದಿನ, ಈ ಕಲ್ಲುಹೂವು ಯಾರಿಗೆ ಬೇಕಾಗಿದೆ ಕಾಕಾ ಎಂದು ಗೋಳಾಡಿದೆ. ಅವರಿಗೆ ಕೇಳಿಸಲೆಂದು ಕೂಗಿ ಗೋಳಾಡಬೇಕಾಯಿತು, ಕ್ಯಾಂಟೀನಿನವರೆಲ್ಲ ತಿರುಗಿ ನೋಡಿದರು. ಕಾಕಾ ಸಕ್ಕರೆ ಇಲ್ಲದ ಚಹಾ ಕೆಳಗಿಟ್ಟರು. “ಡಿಪೋದಾಗ ಬ್ಯಾಡಾದ ಪಾರ್ಟು ಅಂತ ಇರೂದಿಲ್ಲ ತಂಗಿ. ಯಾವ ಗಾಡಿದು ಅಂತ ಗೊತ್ತಿರೂದಿಲ್ಲ, ಅಷ್ಟ. ಎಣ್ಣಿ ಹಚ್ಚಿ ಇಡಬೇಕು.”

ಆಮೇಲೆ ಬಂದ ಮಳೆಗಾಲದಲ್ಲಿ ಅವರ ಕಿವಿ ಹೋಯಿತು. ಅರ್ಥಶಾಸ್ತ್ರದ ಒಂದು ವೈವಾದಲ್ಲಿ ಎಂದಿನಂತೆ ಎದ್ದು ತಮ್ಮ ಪ್ರಶ್ನೆ ಕೇಳಿದರು. ಹುಡುಗ ಚೆನ್ನಾಗಿಯೇ ಉತ್ತರ ಹೇಳಿದ. ಕಾಕಾ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಹಿಂದೆ ಯಾರೋ ನಕ್ಕರು. ನಗು ಅವರಿಗೆ ಕೇಳಿಸಲಿಲ್ಲ, ಆದರೆ ಆ ಹುಡುಗನ ಮುಖ ಕಾಣುತ್ತಿತ್ತು. ಮೆಲ್ಲಗೆ ಕೂತರು. ಆಮೇಲೆ ಕ್ಯಾಂಪಸ್ಸಿಗೆ ಬರಲಿಲ್ಲ.

ನಿಗಡಿಗೆ ಹೋಗಿ ನೋಡಿದರೆ, ಸಫಾರಿ ಹ್ಯಾಂಗರಿಗೆ ಏರಿತ್ತು. ಫೋನಿನಲ್ಲಿ ದಪ್ಪಕ್ಷರದಲ್ಲಿ ‘ಯಾಕೆ ಬರುತ್ತಿಲ್ಲ’ ಎಂದು ಬರೆದು ತೋರಿಸಿದೆ.

“ಕೇಳದವಾ ಹೋಗಿ ಮೊದಲನೇ ಸಾಲಿನ್ಯಾಗ ಕೂಡೂದು ಛಂದ ಕಾಣಸೂದಿಲ್ಲ. ಪಾಪ, ಆ ಹುಡುಗ ಗಾಬರಿ ಆಗಿದ್ದ” ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. “ನಿಂದು ಒಂದು ಕೇಳಬೇಕಂತ ಇತ್ತು.”

ನನಗೆ ಅಳು ಬಂತು. ಇಷ್ಟು ವರ್ಷ ಪ್ರಪಂಚದವರದ್ದೆಲ್ಲ ಕೇಳಿದ ಮನುಷ್ಯ ನನ್ನ ಸರದಿಗೆ ಇರುವುದಿಲ್ಲ ಅನ್ನುವುದು ಸಹಿಸಲಾರದ ಮಾತಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಮೃಣಾಲ್ ನೆನಪಾದಳು. ಭಾಷಾವಿಜ್ಞಾನದ ಹುಡುಗಿ, ನಿಗಡಿಯ ಹತ್ತಿರದ ಕಿವುಡ ಮಕ್ಕಳ ಶಾಲೆಯಲ್ಲಿ ಕೂತು ಮಕ್ಕಳ ಸನ್ನೆಭಾಷೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಅವಳನ್ನು ನನಗೆ ಪರಿಚಯಿಸಿದ್ದೂ ಕಾಕಾನೇ. ಮುಂದಿನ ವಾರ ಅವಳನ್ನು ಕರೆದುಕೊಂಡು ಹೋದೆ. “ಶಿಕಣಾರ ಕಾ ಕಾಕಾ?” ಎಂದು ಬರೆದು, ಕಲಿಯುತ್ತೀರಾ ಎಂಬಂತೆ ಅವಳು ಹುಬ್ಬು ಏರಿಸಿದಳು.

“ಈ ವಯಸ್ಸಿನ್ಯಾಗ?” ಎಂದು ಕಾಕಾ ಹಿಂಜರಿದರು.

ಕಾಕೂ ಬಾಗಿಲಲ್ಲಿ ನಿಂತಿದ್ದರು. “ಕೈ ಅಲ್ಲಾಡಸೂದು ಅಷ್ಟ ಅಲ್ಲೇನ್ರಿ? ಇಷ್ಟು ವರ್ಷ ಬಾಯಿ ಅಲ್ಲಾಡಿಸಿ ನನ್ನ ತಲಿ ತಿಂದ್ರಿ. ಹೋಗ್ರಿ, ಕೈಗೆ ಕೆಲಸ ಕೊಡ್ರಿ” ಎಂದು, ಅವರಿಗೆ ಕೇಳಿಸುವುದಿಲ್ಲ ಎಂದು ನೆನಪಾಗಿ, ಸಫಾರಿಯನ್ನು ಹ್ಯಾಂಗರಿನಿಂದ ತೆಗೆದು ಕೈಗೆ ಕೊಟ್ಟರು.

ಶನಿವಾರ ಶನಿವಾರ ಕಾಕಾ ಶಾಲೆಗೆ ಹೋಗತೊಡಗಿದರು. ಮಕ್ಕಳೇ ಅವರ ಗುರುಗಳು. ಮೊದಲ ದಿನವೇ ದೊಡ್ಡ ಗೊಂದಲವಾಯಿತು. ಡಿಪೋದಲ್ಲಿ ಲಾರಿಗಳನ್ನು ಹಿಂದಕ್ಕೆ ತೆಗೆಸುವಾಗ ಡ್ರೈವರಿಗೆ ಕೈ ಮಾಡಿ ಮಾಡಿ ಅದು ಅವರ ಮೈಗೆ ಹತ್ತಿಬಿಟ್ಟಿತ್ತು. ‘ಹತ್ತಿರ ಬಾ’ ಎಂದು ಹೇಳಲು ಹೋಗಿ ಅವರು ಅಂಗೈಯಿಂದ ಹಿಂದಕ್ಕೆ ತಳ್ಳುವ ಡಿಪೋದ ಸನ್ನೆ ಮಾಡಿದರು. ಮಕ್ಕಳು ಆಜೋಬಾ, ಅಂದರೆ ಅಜ್ಜ, ಹೇಳಿದ್ದಾರೆ ಎಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋಗಿ ಗೋಡೆಗೆ ಒತ್ತಿಕೊಂಡು ನಿಂತರು. ಹೆಚ್ಚು ನಕ್ಕವರು ಕಾಕಾ. “ಮೃಣಾಲಂದು ಮೊದಲ ಸಲ ಕೇಳಿದಾಗ ಈ ಪಾರ್ಟು ಯಾವ ಗಾಡಿಗೆ ಅಂತ ವಿಚಾರ ಮಾಡಿದ್ದೆ” ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. “ನನ್ನ ಗಾಡಿಗೇ ಬೇಕಾತು ನೋಡು.”

ನನ್ನ ವೈವಾದಲ್ಲಿ ಮೃಣಾಲ್ ಪಕ್ಕದಲ್ಲಿ ನಿಂತು ಸನ್ನೆ ಮಾಡಲು ಅಧ್ಯಕ್ಷರು ಒಪ್ಪಿದರು. ಒಂದೇ ತೊಡಕು, ಕಲ್ಲುಹೂವಿಗೆ ಅವಳಿಗೆ ತಿಳಿದ ಸನ್ನೆ ಇರಲಿಲ್ಲ. ಹಿಂದಿನ ದಿನ ಕಾಕೂನ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದೆವು. ಕಾಕಾ ಎಡಗೈ ಮುಷ್ಟಿ ಕಟ್ಟಿದರು. ಅದರ ಮೇಲೆ ಬಲಗೈ ಬೆರಳುಗಳನ್ನು ಮೆಲ್ಲಗೆ ಹರಡಿ ಅಂಟಿಸಿದರು. “ಇದು ಕಲ್ಲು. ಇದು ಬಿಡೂದಿಲ್ಲ ಅಂತ ಹಿಡಕೊಂಡದ್ದು” ಎಂದರು. ಮೃಣಾಲ್ ಹಾಗೇ ಮಾಡಿ ತೋರಿಸಿದಳು.

ಮರುದಿನ ಮೊದಲನೇ ಸಾಲಿನಲ್ಲಿ ಕಾಕಾ ಇದ್ದರು. ಕೈ ಕಿವಿಯ ಹಿಂದೆ ಇರಲಿಲ್ಲ, ಮೊಳಕಾಲ ಮೇಲಿತ್ತು. ಕಣ್ಣು ಮಾತ್ರ ಒಮ್ಮೆ ಮೃಣಾಲಳ ಕೈಗೆ, ಒಮ್ಮೆ ನನ್ನ ಮುಖಕ್ಕೆ ಓಡಾಡುತ್ತಿತ್ತು. ಕೊನೆಗೆ ಎದ್ದು ನಿಂತು ಕೈಯಲ್ಲೇ ತಮ್ಮ ಪ್ರಶ್ನೆ ಕೇಳಿದರು, ಮೃಣಾಲ್ ಅದಕ್ಕೆ ದನಿ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ನಮ್ಮವ್ವ, “ಏನೂ ಹೇಳಿಲ್ಲರಿ ಅಕಿ. ನನ್ನ ಮಸಾಲಿ ಡಬ್ಬಿ ಒಯ್ದಾಕಿ ಇನ್ನೂ ತಂದುಕೊಟ್ಟಿಲ್ಲ” ಎಂದು, ಅದನ್ನೇ ಮರಾಠಿಯಲ್ಲೂ ಹೇಳಿದಳು. ಕಾಕಾಗೆ ಸನ್ನೆಯಲ್ಲಿ ಅದು ಮುಟ್ಟಿದಾಗ ಇಡೀ ಸಭೆ ನಕ್ಕು ಮುಗಿದಿತ್ತು, ಅವರೊಬ್ಬರೇ ಕೊನೆಯಲ್ಲಿ ಬಿದ್ದು ಬಿದ್ದು ನಕ್ಕರು. ಅವತ್ತಿನಷ್ಟು ಸಂತೋಷ ನನಗೆ ಪದವಿ ಕೈಗೆ ಬಂದಾಗಲೂ ಆಗಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಕಾಕಾ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಚಹಾಕ್ಕೆ ಏಳಲಿಲ್ಲ. ಸುದ್ದಿ ಹೇಳುವಾಗ ಕಾಕೂ ನನ್ನನ್ನೇ ಸಮಾಧಾನ ಮಾಡಿದರು.

ಜೂನಿನಲ್ಲಿ ಶಾಲೆ ತೆರೆದ ವಾರ, ಮಕ್ಕಳಿಗೆ ಕಲ್ಲುಹೂವು ತೋರಿಸು ಬಾ ಎಂದು ಮೃಣಾಲ್ ಕರೆದಳು. ಒಂದು ಕೊಂಬೆ, ಭೂತಗನ್ನಡಿ ತೆಗೆದುಕೊಂಡು ಹೋದೆ. ಮೊದಲು ಅದರ ಸನ್ನೆ ಕಲಿಸೋಣ ಎಂದು ಕೈ ಎತ್ತುವುದರೊಳಗೆ, ಎರಡು ಜಡೆಯ ಹುಡುಗಿಯೊಬ್ಬಳು ಕೊಂಬೆ ನೋಡಿ ಮುಷ್ಟಿ ಕಟ್ಟಿ, ಅದರ ಮೇಲೆ ಬೆರಳು ಹರಡಿದಳು. ಅವಳ ಹಿಂದೆಯೇ ಉಳಿದವರೂ. ಮೃಣಾಲ್ ಕಡೆ ನೋಡಿದೆ. ನಾನು ಕಲಿಸಿದ್ದಲ್ಲ ಎಂದು ಅವಳು ತಲೆಯಾಡಿಸಿದಳು.

ಆ ಹುಡುಗಿ ಬಾಗಿಲ ಕಡೆ ನೋಡಿ ಕೈಯಲ್ಲಿ ಏನೋ ಕೇಳಿದಳು. ಆಜೋಬಾ ಯಾವಾಗ ಬರುತ್ತಾರೆ ಎಂದು ಅವಳು ಕೇಳುತ್ತಿದ್ದಳು. ಅದು ಅರ್ಥವಾಗುವಷ್ಟು ಸನ್ನೆ ನಾನೂ ಕಲಿತಿದ್ದೆ, ಉತ್ತರ ಹೇಳುವಷ್ಟು ಇನ್ನೂ ಕಲಿತಿರಲಿಲ್ಲ.