ಕೊಳವಳ್ಳಿಯ ನೀರಿನ ಕಂಪೈಲರ್

ಸುಕನ್ಯಾಳಿಗೆ ಮೂವತ್ತಾರು. ಮದುವೆಗೆ ಮೊದಲು ಕಲ್ಪೆಟ್ಟದ ಒಂದು ಕಾಲೇಜಿನಲ್ಲಿ ಐದು ವರ್ಷ ಕಂಪೈಲರ್ ಪಾಠ, ಅಂದರೆ ಮನುಷ್ಯರು ಬರೆದದ್ದನ್ನು ಯಂತ್ರದ ಆಜ್ಞೆಯಾಗಿಸುವ ಪ್ರೋಗ್ರಾಮಿನ ಪಾಠ, ಮಾಡಿದ್ದಳು. ಕೊಳವಳ್ಳಿಗೆ ಸೊಸೆಯಾಗಿ ಬಂದ ಮೇಲೆ ಅಡುಗೆ, ಎರಡು ಹಸು, ಮಾವ ಚಿಕ್ಕಮಾದುವಿನ ಬಿಳಿ ಪಂಚೆಗಳಿಗೆ ನೀಲಿ. ಆ ಮನೆಯಲ್ಲಿ ಇದಕ್ಕೆ ಕೆಲಸವೆಂಬ ಹೆಸರಿಲ್ಲ. ಕೇಳಿದವರಿಗೆ, ಸುಮ್ಮನೆ ಮನೆಯಲ್ಲಿದ್ದಾಳೆ ಎನ್ನುತ್ತಾರೆ.

ಚಿಕ್ಕಮಾದು ಕಬಿನಿಯಿಂದ ಗದ್ದೆಗಳಿಗೆ ನೀರೆತ್ತುವ ಸಂಘದ ಕಾರ್ಯದರ್ಶಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಮೂವತ್ತು ವರ್ಷ ಅವನೇ ನೋಟ್‌ಬುಕ್ಕಿನಲ್ಲಿ ಬರೆದ. ಬರೆದ ಗಂಟೆಗಳನ್ನು ಕೂಡಿದರೆ ಹಗಲಿಗಿಂತ ಉದ್ದವಾಗುತ್ತಿದ್ದವು. ಕಾಲುವೆಯ ಕೊನೆಯಲ್ಲಿದ್ದ, ಕಾರ್ತ್ಯಾಯಿನಿಯಂಥ ಒಂಟಿ ಹೆಂಗಸರ ಗದ್ದೆಗಳು ಒಣಗುತ್ತಿದ್ದವು. ಕೇಳಿದರೆ ಕಾಲುವೆ ಸೋರುತ್ತದೆ ಎನ್ನುತ್ತಿದ್ದ.

ಪಂಪಿಗೆ ಹೊಸ ನಿಯಂತ್ರಣ ಪೆಟ್ಟಿಗೆ ಬಂದಾಗ ಅದಕ್ಕೆ ಆಜ್ಞೆ ಬರೆದುಕೊಡುವವರು ಬೇಕಾಯಿತು. ಹಿಟ್ಟು ರುಬ್ಬುವ ಹೊತ್ತಿನಲ್ಲಿ ಕೂತು ಕೂತು ಸುಕನ್ಯಾ ಒಂದು ಪುಟ್ಟ ಭಾಷೆ ಕಟ್ಟಿದಳು. ಮಾವ ಬರೆಯುತ್ತಿದ್ದ 'ಕೆಳಗದ್ದೆಗೆ ನಾಟಿ ದಿನ ಎರಡು ಗಂಟೆ'ಯಂಥ ಸಾಲುಗಳೇ ಅದರ ವಾಕ್ಯಗಳು. ಅವುಗಳ ವ್ಯಾಕರಣ ಇನ್ನೂರು ಸಾಲಿನ ಒಂದು ಕಡತವಾಯಿತು. ಅದನ್ನು ಪಾರ್ಸರ್, ಅಂದರೆ ವಾಕ್ಯ ಬಿಡಿಸಿ ಓದುವ ಪ್ರೋಗ್ರಾಮು, ತಯಾರಿಸುವ ಸಾಧನಕ್ಕೆ ಕೊಟ್ಟರೆ ಎಂಟು ಸಾವಿರ ಸಾಲಿನ ಪ್ರೋಗ್ರಾಮು ತಾನೇ ಹೊರಬರುತ್ತದೆ. ವ್ಯಾಕರಣದ ಪ್ರತಿ ನಿಯಮಕ್ಕೂ ಗುಣಗಳನ್ನು, ಅಂದರೆ ಲೆಕ್ಕ ಹೊತ್ತು ಸಾಗಿಸುವ ಚೀಟಿಗಳನ್ನು, ಅಂಟಿಸಿದಳು. ಪಂಪು ಆ ದಿನ ಎಷ್ಟು ಹೊತ್ತು ಓಡಬಹುದೆಂಬುದು ಮೇಲಿನಿಂದ ಒಂದೊಂದು ಗದ್ದೆಗೂ ಇಳಿಯುತ್ತದೆ. ಗದ್ದೆಗಳು ಬೇಡುವ ಹೊತ್ತು ಕೆಳಗಿನಿಂದ ಏರಿ ಒಟ್ಟಾಗುತ್ತದೆ. ಒಟ್ಟು ಮೀರಿದರೆ ಆಜ್ಞೆಯೇ ಹುಟ್ಟುವುದಿಲ್ಲ.

ಮೊದಲ ದಿನವೇ ಸಂಘದವರೆಲ್ಲರ ಎದುರು ಪರದೆಯ ಮೇಲೆ ಬಂತು: ಏಳನೆಯ ಸಾಲು, ಕಾರ್ಯದರ್ಶಿಯ ಗದ್ದೆ, ಮೂರು ಗಂಟೆ ಹೆಚ್ಚು.

ಚಿಕ್ಕಮಾದುವಿನ ಮಾತಿಗೆ ಅದುವರೆಗೆ ಯಾರೂ ಎದುರಾಡಿರಲಿಲ್ಲ. ಅಪ್ಪನ ಮಾನ ಕಳೆದೆಯೆಂದು ಗಂಡ ಗುರುಮೂರ್ತಿ ಮಾತು ಬಿಟ್ಟ. ಹೆಂಗಸು ಪಂಪ್‌ಹೌಸಿಗೆ ಓಡಾಡುವುದು ಬೇಡವೆಂದು ಸಂಘ ತೀರ್ಮಾನಿಸಿ, ಕಾಟ್ಟಿಕುಳದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮೈದುನ ಪ್ರಜಿತ್‌ಗೆ ಪ್ರೋಗ್ರಾಮು ಒಪ್ಪಿಸಿತು. ಲೆಕ್ಕ ಮೀರಿದರೆ ನಿಲ್ಲಿಸುವ ಆ ತಡೆಯೊಂದನ್ನು ತೆಗೆದುಬಿಡೆಂದು ಚಿಕ್ಕಮಾದು ಅವನಿಗೆ ಹೇಳಿದ. ಪ್ರಜಿತ್ ದೊಡ್ಡ ಕಡತವೇ ಅಸಲಿಯೆಂದುಕೊಂಡು ಎಂಟು ಸಾವಿರ ಸಾಲನ್ನು ಒಯ್ದ. ಅದರ ತುಂಬ ಅಂಕಿಗಳ ಕೋಷ್ಟಕ. ಕೈಗೆ ಸಿಕ್ಕ ಅಂಕಿ ತಿದ್ದಿದ. ನಾಟಿಯ ವಾರ ಪಂಪು ನಿಂತಿತು.

ಚಿಕ್ಕಮಾದು, ಪ್ರಜಿತ್ ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಬಂದರು.

"ಅತ್ತಿಗೆ, ಈ ನಂಬರಲ್ಲಿ ಆ ತಡೆ ಯಾವ್ದು?"

"ನೀನು ಹೊತ್ಕೊಂಡು ಹೋಗಿರದು ರುಬ್ಬಿದ ಹಿಟ್ಟು. ಅದ್ರಲ್ಲಿ ಅಕ್ಕಿ ಹುಡುಕ್ತಿದ್ದೀಯ."

ಅಕ್ಕಿಯೆಂದರೆ ಸೊಸೆಯ ಬಳಿಯಿರುವ ಇನ್ನೂರು ಸಾಲಿನ ಕಡತವೆಂದು ಮಾವನಿಗೆ ಅರ್ಥವಾಯಿತು. "ಕೊಡು ಅದ್ನ. ಈ ಮನೆ ಅನ್ನ ತಿಂದು ಮಾಡಿದ ಪಣಿ, ಮಾಡಿದ ಕೆಲ್ಸ ಅದು."

"ಆ ಅನ್ನ ಮಾಡಿದ್ದೂ ನಾನೇ, ಮಾವ."

ತಡೆ ಹಾಗೇ ಇರಬೇಕು, ಪಂಪಿನ ಉಸ್ತುವಾರಿ ತನ್ನದೆಂದು ನಡಾವಳಿಯಲ್ಲಿ ಬರೆಯಬೇಕು ಎಂದಳು. ತವರಿಗೆ ಬಸ್ಸು ಹತ್ತು ಗಂಟೆಗಿದೆಯೆಂದು, ಮಾತು ಬಿಟ್ಟಿದ್ದ ಗುರುಮೂರ್ತಿ ಒಳಗಿನಿಂದ ನೆನಪಿಸಿದ. ಅವಳು ಹೋಗಲೂ ಇಲ್ಲ, ಕಡತ ಕೊಡಲೂ ಇಲ್ಲ. ಪೆಟ್ಟಿಗೆ ನೋಟ್‌ಬುಕ್ಕಿನ ಮಾತು ಕೇಳುವಂತಿರಲಿಲ್ಲ. ಮೂರು ದಿನದಲ್ಲಿ ಕಾರ್ಯದರ್ಶಿಯ ಪೈರೂ ಹಳದಿಯಾಯಿತು.

ನಾಲ್ಕನೆಯ ದಿನ ಸಭೆ ಸೇರಿತು. ನಡಾವಳಿಯಲ್ಲಿ ಉಸ್ತುವಾರಿಯ ಹೆಸರಿನ ಎದುರು ಚಿಕ್ಕಮಾದು 'ಗುರುಮೂರ್ತಿಯ ಹೆಂಡತಿ' ಎಂದು ಬರೆದ. ಅದನ್ನು ಹೊಡೆದುಹಾಕಿಸಿ 'ಸುಕನ್ಯಾ' ಎಂದು ಬರೆಸಿದ ಮೇಲೆಯೇ ಅವಳು ಕಡತದಿಂದ ಪ್ರೋಗ್ರಾಮನ್ನು ಮತ್ತೆ ತೆಗೆದು ಪಂಪು ಓಡಿಸಿದಳು. ನೀರು ಕಾರ್ತ್ಯಾಯಿನಿಯ ಗದ್ದೆ ಮುಟ್ಟಿತು.

ಅಂದಿನಿಂದ ಚಿಕ್ಕಮಾದು ಸೊಸೆಯ ಕೈಯ ಅನ್ನ ಮುಟ್ಟುತ್ತಿಲ್ಲ. ಅವನಿಗೆಂದು ಹಿತ್ತಲಲ್ಲಿ ಬೇರೆ ಒಲೆ ಹೂಡಿದ್ದಾರೆ. ಅರವತ್ತೆಂಟು ವರ್ಷದ ಅತ್ತೆ ಭಾಗ್ಯಮ್ಮ ಮಂಡಿ ಹಿಡಿದುಕೊಂಡು ಅದಕ್ಕೆ ಸೌದೆ ತುರುಕುತ್ತಾಳೆ.