ಇಂಜಿನ್ ನಿಲ್ಲಿಸಿದ ಇಳಿಜಾರು

ನನ್ನ ಹೊಸ ಎಲೆಕ್ಟ್ರಿಕ್ ಸ್ಕೂಟರಿಗೆ ಸದ್ದೇ ಇಲ್ಲ. ಕಳೆದ ವಾರ ಕಡಬದಿಂದ ಕೋಡಿಂಬಾಳದ ಕಡೆಗೆ ಬರುವಾಗ ಇಳಿಜಾರಿನಲ್ಲಿ ಟಯರಿನ ಸರಸರ, ಕಿವಿಗೆ ಗಾಳಿ, ಅಷ್ಟೇ. ಹೆಂಡತಿ ಇದನ್ನು ನೆಮ್ಮದಿ ಅನ್ನುತ್ತಾಳೆ. ನಾನು ಮಾತ್ರ ಬ್ರೇಕಿನಿಂದ ಬೆರಳು ತೆಗೆಯಲಿಲ್ಲ. ಇಂಥದೇ ಮೌನದಲ್ಲಿ ಹಿಂದೊಮ್ಮೆ ಇದೇ ಇಳಿಜಾರು ಇಳಿದಿದ್ದೇನೆ, ತೋಮಸಣ್ಣನ ಸರ್ವಿಸ್ ಜೀಪಿನಲ್ಲಿ.

ಸರ್ವಿಸ್ ಜೀಪಿನ ಸುಖ ನಿಮಗೆ ಹೇಳಬೇಕೆ? ಒಂಬತ್ತು ಜನರ ಜಾಗದಲ್ಲಿ ಹದಿನೈದು ಮಂದಿ, ಕಾಲಬುಡದಲ್ಲಿ ಹಿಂಡಿಯ ಚೀಲ, ಮೂಗಿಗೆ ರಬ್ಬರ್ ಶೀಟಿನ ವಾಸನೆ. ಬಸ್ಸಿಲ್ಲದ ನಮ್ಮ ರಸ್ತೆಗೆ ಅದೊಂದೇ ಗತಿ. ಮಾಷ್ಟ್ರೆಂಬ ಮರ್ಯಾದೆಗೆ ನನಗೆ ಎದುರಿನ ಸೀಟು, ಜೀಪು ಓಡಿಸುವ ತೋಮಸಣ್ಣನ ಪಕ್ಕದಲ್ಲೇ. ಗೇರ್ ಹಾಕುವಾಗೆಲ್ಲ ಮೊಣಕಾಲು ಸರಿಸಬೇಕು, ಆದರೂ ಗತ್ತಿಗೇನೂ ಕಡಿಮೆಯಿರಲಿಲ್ಲ.

ಆಗ ಡೀಸೆಲ್ ಮೇಲಿನ ತೆರಿಗೆ ಏರಿತ್ತು. ಊರೆಲ್ಲ ಬೈಯುತ್ತಿದ್ದಾಗ ನಾನೊಬ್ಬ ಪತ್ರಿಕೆಗೆ ಪತ್ರ ಬರೆದೆ: ಏರಲಿ, ಹಾಗಾದರೂ ಜನ ಎಣ್ಣೆ ಕಡಿಮೆ ಸುಡುತ್ತಾರೆ, ಮಳೆ ಹೀಗೆ ಹದ ತಪ್ಪಿರುವುದು ಸುಮ್ಮನೆ ಅಲ್ಲ. ಉಪ್ಪಿನಂಗಡಿಯಲ್ಲಿ ಹೊಳೆ ಅಂಗಡಿಯೊಳಗೆ ನುಗ್ಗಿದ್ದನ್ನು ಕಂಡವನ ಮಾತು ಅದು, ಇಂದಿಗೂ ಸುಳ್ಳೆನ್ನಲಾರೆ. ಅಚ್ಚಾದ ದಿನ ಅದನ್ನು ಹತ್ತು ಸಲ ಓದಿದೆ.

ಮರುದಿನ ಜೀಪಿನಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಸಂಬಳ ಬರುವವರಿಗೆ ಹೊಗೆಯ ಚಿಂತೆ ಎಂದು ಹಿಂದಿನಿಂದ ಒಬ್ಬರು ಗೊಣಗಿದರು. ಚಾರ್ಜು ಏರಿಸಿದರೆ ಹತ್ತುವವರಿಲ್ಲ, ಏರಿಸದಿದ್ದರೆ ಜೀಪು ಓಡುವುದಿಲ್ಲ ಎಂಬುದು ತೋಮಸಣ್ಣನ ಸಂಕಟ. ಇಳಿಜಾರಿನ ತಲೆಗೆ ಬಂದದ್ದೇ ಅವರು ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು.

"ಎಂತ ಮಾಡುದು ತೋಮಸಣ್ಣ ನೀವು?"

"ನೀವೇ ಬರ್ದದ್ದಲ್ವಾ ಮಾಷ್ಟ್ರೆ, ಡೀಸೆಲ್ ಕಡಿಮೆ ಸುಡ್ಬೇಕಂತ."

ಜೀಪು ತನ್ನ ಭಾರಕ್ಕೇ ಓಡತೊಡಗಿತು. ಎರಡನೇ ತಿರುವಿನಲ್ಲಿ ಬ್ರೇಕು ಒತ್ತಿದ ಅವರ ಕಾಲು ಮತ್ತೆ ಮತ್ತೆ ಒತ್ತಿತು. ಇಂಜಿನ್ ನಿಂತರೆ ಬ್ರೇಕಿಗೂ ಬಲವಿರುವುದಿಲ್ಲ, ಜೀಪು ನಿಲ್ಲಲಿಲ್ಲ. ಎದುರಿಗೆ ಲಾರಿ. ತೋಮಸಣ್ಣ ಎಡಕ್ಕೆ ಎಳೆದು ಜೀಪನ್ನು ರಸ್ತೆ ಬದಿಯ ಬರೆಗೆ, ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಒರೆಸಿ ನಿಲ್ಲಿಸಿದರು. ಮಡಿಲಿಗೆ ಕೆಂಪು ಮಣ್ಣು ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಇಳಿದು ನಡೆದರು. ತೋಮಸಣ್ಣ ಸ್ಟಿಯರಿಂಗ್ ಹಿಡಿದೇ ಕೂತಿದ್ದರು. ನಾನೂ ಅವರನ್ನು ಬಿಟ್ಟು ನಡೆದುಬಿಟ್ಟೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಜೀಪು ಮತ್ತೆ ರಸ್ತೆಗೆ ಬರಲಿಲ್ಲ. ಅದರಲ್ಲಿ ಒತ್ತಿಕೊಂಡು ಕೂರುತ್ತಿದ್ದವರು ಒಬ್ಬೊಬ್ಬರಾಗಿ ಬೈಕು ಕೊಂಡರು, ನಾನು ಪೆಟ್ರೋಲ್ ಸ್ಕೂಟರ್ ಕೊಂಡೆ. ಒಂದು ಇಂಜಿನ್ ಸುಡುತ್ತಿದ್ದ ರಸ್ತೆಯಲ್ಲಿ ಹತ್ತಾರು ಇಂಜಿನ್ ಸುಡತೊಡಗಿದವು. ತೆರಿಗೆಯ ದುಡ್ಡಿನಲ್ಲಿ ಈ ರಸ್ತೆಗೊಂದು ಬಸ್ಸು ಹಾಕಿ ಎಂಬ ಸಾಲು ನನ್ನ ಪತ್ರದಲ್ಲಿ ಇರಲೇ ಇಲ್ಲ.

ನಿನ್ನೆ ಇಳಿಜಾರಿನ ತಲೆಯಲ್ಲಿ ತೋಮಸಣ್ಣ ಚೀಲ ಹಿಡಿದು ನಿಂತಿದ್ದರು. ಕೂರಿಸಿಕೊಂಡೆ. ಸದ್ದಿಲ್ಲದೆ ಇಳಿಯತೊಡಗಿದಾಗ ನನ್ನ ಹೆಗಲ ಮೇಲೆ ಅವರ ಬೆರಳು ಬಿಗಿಯಾಯಿತು. ಆ ಬರೆ ಹತ್ತಿರ ಬಂತು.

"ಮೆಲ್ಲ ಹೋಗಿ ಮಾಷ್ಟ್ರೆ. ಹಿಂದೆ ಕೂತ್ರೇ ಹೆದ್ರಿಕೆ ಗೊತ್ತಾಗುದು."

ಸ್ಕೂಟರ್ ನಿಲ್ಲಿಸಿದೆ. ಆ ದಿನ ನಿಮ್ಮನ್ನು ಬಿಟ್ಟು ನಡೆದದ್ದು ತಪ್ಪಾಯಿತು ಎಂದೆ. ಇಳಿದು ಹ್ಯಾಂಡಲ್ ಅವರ ಕೈಗೆ ಕೊಟ್ಟು, ಉಳಿದ ಇಳಿಜಾರಿಗೆ ನಾನು ಹಿಂದೆ ಕೂತೆ.